ನಿಂತಾಗ ಸೋರದ ದೋಣಿ ಹಾಯಿ ಏರಿಸಿದರೆ ಯಾಕೆ ಸೋರುತ್ತದೆ?

ಪ್ರಶ್ನೆ: ಎರಡು ವರ್ಷದ ಹಿಂದೆ ನಾನೂ ನನ್ನ ತಮ್ಮನೂ ಸೇರಿ 10 ಅಡಿಯ ಪ್ಲೈವುಡ್ ಹಾಯಿದೋಣಿ ಮಾಡಿದೆವು. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಓಡಿಸುತ್ತೇವೆ. ಈ ಬೇಸಿಗೆಯಿಂದ ಸೋರಲು ಶುರುವಾಗಿದೆ. ದಡದಲ್ಲಿ ಕಟ್ಟಿ ನಿಲ್ಲಿಸಿದರೆ ಒಂದು ಹನಿಯೂ ಬರುವುದಿಲ್ಲ. ಹಾಯಿ ಏರಿಸಿ ಅರ್ಧ ಗಂಟೆ ಹೋದರೆ ಹಿಂದಿನ ಮೂಲೆಯಲ್ಲಿ ಎರಡು ತಂಬಿಗೆ ನೀರು. ಆ ಮೂಲೆಗೆ ಎರಡು ಸಲ ಪುಟ್ಟಿ ಮೆತ್ತಿದೆವು, ಉಪಯೋಗವಾಗಲಿಲ್ಲ. ಹರಿಗೋಲಿನವರು ಡಾಂಬರು ಬಳಿ ಅನ್ನುತ್ತಾರೆ. ನಮ್ಮ ಬಡಿಗೇರ ಕಾಕಾ, ನಾಲ್ಕು ದಿನ ನೀರಲ್ಲೇ ಬಿಡು, ಮರ ಊದಿ ಸಂದಿ ಮುಚ್ಚುತ್ತದೆ ಅನ್ನುತ್ತಾರೆ. ಯಾವುದು ಸರಿ?
— ಮುಂಡರಗಿ ತಾಲ್ಲೂಕಿನ ಓದುಗರು

ಉತ್ತರ: ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹನಿ ಬೀಳುವ ಜಾಗದ ಮೇಲೆಯೇ ತೂತು ಇರುವುದಿಲ್ಲ. ನೀರು ತೊಲೆ ಹಿಡಿದು ಎಲ್ಲಿಂದಲೋ ಬಂದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ನೀವು ಪುಟ್ಟಿ ಮೆತ್ತಿದ್ದು ನೀರು ಬಂದು ನಿಲ್ಲುವ ಜಾಗಕ್ಕೆ. ನೀವಿಬ್ಬರೂ ಹಿಂದೆ ಕೂತಾಗ ಆ ಮೂಲೆ ತಗ್ಗಾಗುತ್ತದೆ, ಅಷ್ಟೇ.

ನಿಂತಾಗ ಸೋರುವುದಿಲ್ಲ, ಹಾಯಿ ಏರಿಸಿದರೆ ಸೋರುತ್ತದೆ ಎಂದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನಡುವೆ ನೀರಿಗೆ ಇಳಿಬಿಟ್ಟ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್, ಅದನ್ನು ತಡೆಯುತ್ತದೆ. ಆ ಜಗ್ಗಾಟವೆಲ್ಲ ಬೀಳುವುದು ಬೋರ್ಡ್ ಕೂರುವ ಉದ್ದನೆಯ ಪೆಟ್ಟಿಗೆಯ ಬುಡಕ್ಕೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವಂಥ ಗಾಳಿ ನಿಮ್ಮದು, ಜಗ್ಗಾಟ ಜಾಸ್ತಿಯೇ ಇರುತ್ತದೆ. ಪೆಟ್ಟಿಗೆಯನ್ನು ಕಿಟಕಿ ಬಾಗಿಲಿಗೆ ಹಾಕುವ ಮಾಮೂಲಿ ಬಿಳಿ ಗೋಂದಿನಿಂದ ಅಂಟಿಸಿದ್ದರೆ ಅದು ನೆನೆದು ಮೆತ್ತಗಾಗಿ ಬಿಟ್ಟುಕೊಂಡಿರುತ್ತದೆ. ನನ್ನ ಅನುಮಾನ ಅಲ್ಲೇ.

ಅನುಮಾನ ಸಾಲದು, ಕಣ್ಣಾರೆ ನೋಡಬೇಕು. ದೋಣಿಯನ್ನು ಎರಡು ಸ್ಟ್ಯಾಂಡ್ ಮೇಲೆ ಕೂರಿಸಿ. ಬೋರ್ಡನ್ನು ತಳದ ಮಟ್ಟಕ್ಕೆ ಮಾತ್ರ ಇಳಿಸಿ. ಕೆಳಗಿನ ಸೀಳಿಗೆ ಹಳೆಯ ಟ್ಯೂಬಿನ ರಬ್ಬರ್, ಅದರ ಮೇಲೊಂದು ಹಲಗೆ ಇಟ್ಟು ಬಿಗಿಯಾಗಿ ಆನಿಸಿ. ಒಳಗೆ ಪೆಟ್ಟಿಗೆಯ ಬುಡದ ಸುತ್ತ ಒರೆಸಿ ಒಣಗಿಸಿ ಸೀಮೆಸುಣ್ಣ ಉಜ್ಜಿ. (ನಾನು ಮೊದಲ ಸಲ ಇದನ್ನು ಮಾಡಿದಾಗ ಕೈಗೆ ಸಿಕ್ಕಿದ್ದು ದೇವರ ಮನೆಯ ವಿಭೂತಿ ಉಂಡೆ. ಮನೆಯಲ್ಲಿ ಬೈಸಿಕೊಂಡೆ, ಕೆಲಸ ಮಾತ್ರ ಆಯಿತು.) ಈಗ ಪೆಟ್ಟಿಗೆಯ ಒಳಗೆ ಮಾತ್ರ ನೀರು ತುಂಬಿ. ತಮ್ಮ ಮೇಲಿನಿಂದ ಬೋರ್ಡನ್ನು ಎಡಕ್ಕೆ ಬಲಕ್ಕೆ ಜಗ್ಗಲಿ, ನೀವು ಸುಣ್ಣದ ಗೆರೆ ನೋಡುತ್ತಿರಿ. ಎಲ್ಲಿ ಕಪ್ಪಾಗುತ್ತದೋ ಅಲ್ಲೇ ಸಂದಿ ಬಾಯಿ ಬಿಡುತ್ತಿದೆ. ಪೆನ್ಸಿಲ್ ಗುರುತು ಹಾಕಿ.

ಇನ್ನು ಆ ಎರಡು ಸಲಹೆ. ಕಾಕಾ ಹೇಳಿದ್ದು ಸುಳ್ಳಲ್ಲ. ಹಲಗೆ ಜೋಡಿಸಿ ಕಟ್ಟಿದ ದೋಣಿ ನೀರು ಕುಡಿದು ಊದುತ್ತದೆ, ಸಂದಿ ಬಿಗಿಯಾಗುತ್ತದೆ. ಆದರೆ ಪ್ಲೈವುಡ್‌ನಲ್ಲಿ ಪದರಗಳು ಅಡ್ಡ ಉದ್ದ ಅಂಟಿರುತ್ತವೆ, ಅದು ಹಾಗೆ ಅಗಲಕ್ಕೆ ಊದುವುದಿಲ್ಲ. ಅಂಚಿನಿಂದ ನೀರು ಕುಡಿದು ಪದರ ಬಿಚ್ಚಿಕೊಳ್ಳುತ್ತದೆ, ಅಷ್ಟೇ. ಡಾಂಬರು ಹರಿಗೋಲಿಗೆ ಸರಿ. ಅದು ಬಿದಿರಿನ ಬುಟ್ಟಿ, ಬಾಗುತ್ತದೆ, ಮತ್ತೆ ಬಳಿಯುತ್ತಾರೆ. ನಿಮ್ಮ ದೋಣಿಗೆ ಒಮ್ಮೆ ಡಾಂಬರು ಹಾಕಿದರೆ ಮುಂದೆ ಅಲ್ಲಿ ಯಾವ ಅಂಟೂ ಕೂರುವುದಿಲ್ಲ. ಸಿಲಿಕೋನ್ ಸೀಲಂಟ್ ಕಥೆಯೂ ಅದೇ. ನಾನು ಒಮ್ಮೆ ಹಚ್ಚಿ, ಆಮೇಲೆ ಕೆರೆದು ತೆಗೆಯಲು ಎರಡು ಭಾನುವಾರ ಕಳೆದುಕೊಂಡಿದ್ದೇನೆ.

ರಿಪೇರಿಗೆ ಎಪಾಕ್ಸಿಯೇ ಬೇಕು, ಎರಡು ದ್ರವ ಕಲಸಿ ಹಚ್ಚುವ ಅಂಟು ಅದು. ಫೈಬರ್ ಕೆಲಸದವರು ಅಗ್ಗಕ್ಕೆ ಪಾಲಿಯೆಸ್ಟರ್ ರೆಸಿನ್ ಕೊಡುತ್ತಾರೆ, ಮರಕ್ಕೆ ಅದರ ಹಿಡಿತ ಕಡಿಮೆ. ಮೊದಲು ದೋಣಿ ನೆರಳಲ್ಲಿ, ಗಾಳಿಯಲ್ಲಿ ಪೂರ್ತಿ ಒಣಗಲಿ. ಗುರುತಿನ ಜಾಗದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಟೇಪ್ ಹಾಕಿ ರಾತ್ರಿಯಿಡೀ ಅಂಟಿಸಿಡಿ. ಬೆಳಿಗ್ಗೆ ಅದರ ಒಳಗೆ ಬೆವರಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಒಣಗಿದ ಮೇಲೆ ಗುರುತಿನ ಎರಡೂ ಕಡೆ ಎರಡೆರಡು ಇಂಚು ಬಣ್ಣ ಕೆರೆದು ಬರೀ ಮರ ಕಾಣಿಸಿ. ಸಡಿಲ ಗೋಂದನ್ನು ಉಳಿಯಿಂದ ಎಬ್ಬಿಸಿ.

ಎಪಾಕ್ಸಿ ಹಚ್ಚುವುದು ಸಂಜೆಗೆ ಇಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ, ಸಣ್ಣ ಸಣ್ಣ ತೂತು ಉಳಿಯುತ್ತದೆ. ಸಂಜೆ ಮರ ತಣಿಯುವಾಗ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಡಬ್ಬಿಯಲ್ಲೇ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಅಳತೆ ಡಬ್ಬಿಯ ಮೇಲೆ ಬರೆದಷ್ಟೇ. ಗಟ್ಟಿಯಾಗಿಸುವ ದ್ರವ ಜಾಸ್ತಿ ಹಾಕಿದರೆ ಬೇಗ ಒಣಗುವುದಿಲ್ಲ, ಕೆಲಸ ಕೆಡುತ್ತದೆ.

ಮೊದಲು ತೆಳ್ಳಗೆ ಒಂದು ಕೈ ಬಳಿದು ಸಂದಿಗೆ ಕುಡಿಸಿ. ಉಳಿದಿದ್ದಕ್ಕೆ ನುಣ್ಣನೆಯ ಮರದ ಪುಡಿ ಸೇರಿಸಿ ಗಟ್ಟಿ ಜುಣಕದ ಹದಕ್ಕೆ ತನ್ನಿ, ಚಮಚ ಎತ್ತಿದರೆ ಜಾರಬಾರದು. ಅದನ್ನು ಮೂಲೆಗೆ ತುಂಬಿ ಚಮಚದ ಬೆನ್ನಿನಿಂದ ಎಳೆದು ದುಂಡಗೆ ಮಾಡಿ. ಮೇಲೆ 3 ಇಂಚಿನ ಗ್ಲಾಸ್ ಬಟ್ಟೆ (ಗಾಜಿನ ಎಳೆಯಿಂದ ನೇಯ್ದದ್ದು) ಪಟ್ಟಿಯನ್ನು ಅರ್ಧ ಪೆಟ್ಟಿಗೆಗೆ, ಅರ್ಧ ತಳಕ್ಕೆ ಬರುವಂತೆ ಕೂರಿಸಿ ಎಪಾಕ್ಸಿಯಲ್ಲಿ ನೆನೆಸಿ. ಜಗ್ಗಾಟ ತಡೆಯುವುದು ಈ ಬಟ್ಟೆಯೇ. ಸುಮ್ನೆ ಪುಟ್ಟಿ ಮೆತ್ತಿದರೆ ಮತ್ತೆ ಬಿರುಕು ಬಿಡುತ್ತದೆ. ಹೊರಗಿನ ಸೀಳಿನ ಪ್ಲೈ ಅಂಚಿಗೂ ಎರಡು ಮೂರು ಕೈ ಎಪಾಕ್ಸಿ ಕುಡಿಸಿ.

ಗಟ್ಟಿಯಾದ ಮೇಲೆ ಕೈಗೆ ಜಿಡ್ಡು ತಾಗಬಹುದು. ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಬಣ್ಣ ಹೊಡೆಯದೆ ಬಿಡಬೇಡಿ, ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ.

ಒಂದು ಮಾತು ಕೇಳಬೇಕಿತ್ತು: ಪ್ಲೈ ಮೇಲೆ ಐಎಸ್ 710 ಮುದ್ರೆ ಇತ್ತಾ? ಅದು ನೀರು ತಡೆಯುವ ಮರೀನ್ ಪ್ಲೈ. ಐಎಸ್ 303 ಆದರೆ ಪೀಠೋಪಕರಣದ ಪ್ಲೈ. ಉಳಿದ ತುಂಡನ್ನು ಒಂದೆರಡು ಗಂಟೆ ಕುದಿಸಿ ನೋಡಿ. ಪದರ ಬಿಚ್ಚಿದರೆ ಈ ರಿಪೇರಿಯಿಂದ ಒಂದೆರಡು ಬೇಸಿಗೆ ತಳ್ಳಬಹುದು, ಅಷ್ಟರೊಳಗೆ ಹೊಸ ತಳಕ್ಕೆ ದುಡ್ಡು ಕೂಡಿಡಿ.

ಮುಗಿದ ಮೇಲೆ ಅದೇ ಸುಣ್ಣ, ಅದೇ ಜಗ್ಗಾಟ, ಇನ್ನೊಮ್ಮೆ. ಗೆರೆ ಬೆಳ್ಳಗೇ ಉಳಿದರೆ ನೀರಿಗಿಳಿಸಿ. ಮೊದಲ ಸಲ ದಡದ ಹತ್ತಿರವೇ ಓಡಿಸಿ, ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡಿರಿ. ಆ ತಂಬಿಗೆ ಮಾತ್ರ ದೋಣಿಯಲ್ಲೇ ಇರಲಿ, ಹಗ್ಗ ಕಟ್ಟಿ.