ಉಪವಾಸವಿರುವ ಸೀಲ್ ತಾಯಿಗೆ ಹಾಲು ಎಲ್ಲಿಂದ ಬರುತ್ತದೆ?

ಸೋಮವಾರಪೇಟೆಯಲ್ಲಿ ಹಸು ಸಾಕುವ ಒಬ್ಬರ ಪ್ರಶ್ನೆ ಇದು: ಮೇವು ಕಮ್ಮಿಯಾದರೆ ನಮ್ಮ ಹಸುವಿನ ಹಾಲು ಇಳಿಯುತ್ತದೆ, ಕಡಲ ಸಸ್ತನಿ ಸೀಲ್ ಏನೂ ತಿನ್ನದೆ ಹಾಲು ಕೊಡುವುದು ಹೇಗೆ?

ಚರ್ಮದ ಕೆಳಗೆ ಮೊದಲೇ ಕೂಡಿಟ್ಟ ಕೊಬ್ಬಿನಿಂದ. ಉತ್ತರದ ಆನೆ ಸೀಲ್ ಎಂಬ ಜಾತಿಯ ತಾಯಿ ಸುಮಾರು 4 ವಾರ ದಡದಲ್ಲೇ ಇದ್ದು, ಊಟ ನೀರು ಎರಡೂ ಇಲ್ಲದೆ ಹಾಲೂಡಿಸುತ್ತದೆ. ಅಷ್ಟರಲ್ಲಿ ತಾಯಿಯ ತೂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕರಗಿಹೋಗುತ್ತದೆ.

ಇನ್ಸುಲಿನ್ ಕೊಬ್ಬನ್ನು ಕೂಡಿಡುವ ಹಾರ್ಮೋನ್ ಅಲ್ವಾ? ಉಪವಾಸದ ದಿನ ಕಳೆದಂತೆ ಅದು ಇಳಿಯುತ್ತದೆ, ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ. ಆಗ ಕೊಬ್ಬು ಒಡೆದು ರಕ್ತಕ್ಕೆ ಸೇರುತ್ತದೆ. ತಾಯಿಯ ಮೈಗೂ ಅದೇ ಇಂಧನ, ಹಾಲಿಗೂ ಅದೇ ಸರಕು. ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಬೇಕು, ಮರಿ ಚೀಪಿದಾಗ ಹಾಲು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನ್. ಇವೆರಡು ಹಸುವಿನಲ್ಲೂ ಹಾಗೆಯೇ.

ನನಗೆ ಬಹಳ ಇಷ್ಟವಾಗುವುದು ಹಾಲಿನ ಬದಲಾವಣೆ. ಮೊದಲು ನೀರು ಜಾಸ್ತಿ. ಕೊನೆಕೊನೆಗೆ ಅರ್ಧಕ್ಕಿಂತ ಹೆಚ್ಚು ಕೊಬ್ಬೇ! ಸಕ್ಕರೆಯ ಅಂಶ ತೀರಾ ಕಡಿಮೆ. ಇದರಿಂದ ತಾಯಿಯ ನೀರೂ ಗ್ಲೂಕೋಸೂ ಉಳಿಯುತ್ತವೆ.

ಹುಡೆಡ್ ಸೀಲ್ ಎಂಬ ಇನ್ನೊಂದು ಜಾತಿ ಹಾಲೂಡಿಸುವುದು ಬರೀ 4 ದಿನ. ಮರಿಯ ತೂಕ ದಿನಕ್ಕೆ ಸುಮಾರು 7 ಕೆಜಿ ಏರುತ್ತಾ ಹೋಗುತ್ತದೆ. ಆದರೆ ಫರ್ ಸೀಲ್‌ಗಳು ನಡುನಡುವೆ ಸಮುದ್ರಕ್ಕೆ ಹೋಗಿ ತಿಂದು ಬರುತ್ತವೆ.