ಅಲೈನರ್ ಹಾಕಿಕೊಂಡೇ ಕಾಫಿ ಕುಡಿಯಬಹುದಾ?

ಪ್ರಶ್ನೆ: ಹಲ್ಲು ನೇರ ಮಾಡಿಸಲು ಮೂರು ತಿಂಗಳಿಂದ ಅಲೈನರ್ (ಹಲ್ಲಿನ ಮೇಲೆ ಹಾಕಿ ತೆಗೆಯಬಹುದಾದ ಪ್ಲಾಸ್ಟಿಕ್ ಕವಚ) ಹಾಕುತ್ತಿದ್ದೇನೆ. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಕಾಫಿ. ಎಲ್ಲರೆದುರು ತೆಗೆಯಲು ಮುಜುಗರ, ಹಾಗಾಗಿ ಹಾಕಿಕೊಂಡೇ ಕುಡಿಯುತ್ತೇನೆ. ಈಗ ಅದು ಹಳದಿಯಾಗಿದೆ, ವಾಸನೆ ಬೇರೆ.
– ಓದುಗಿ, ದಾವಣಗೆರೆ

ಉತ್ತರ: ಹಳದಿ ಬಣ್ಣ ಬಿಡಿ, ಆ ಸೆಟ್ ಹೇಗೂ ಒಂದೆರಡು ವಾರದಲ್ಲಿ ಬದಲಾಗುತ್ತದೆ. ಹಲ್ಲು ಬದಲಾಗಲ್ಲ, ಅಲ್ವಾ? ಸಕ್ಕರೆ ಹಾಕಿದ ಕಾಫಿ ಅಲೈನರ್ ಒಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಮಾಮೂಲಿಯಾಗಿ ಜೊಲ್ಲು ಅದನ್ನು ತೊಳೆದುಬಿಡುತ್ತದೆ, ಆದರೆ ಪ್ಲಾಸ್ಟಿಕ್ ಅಡಿಗೆ ಜೊಲ್ಲು ಸರಿಯಾಗಿ ಹರಿಯುವುದಿಲ್ಲ, ಬ್ಯಾಕ್ಟೀರಿಯಾಗಳು ಗಂಟೆಗಟ್ಟಲೆ ಆಮ್ಲ ಮಾಡುತ್ತಾ ಕೂತಿರುತ್ತವೆ. ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಹುಳುಕು ಶುರು ಅಂತ ತಿಳಿಯಿರಿ, ತಕ್ಷಣ ಡಾಕ್ಟರಿಗೆ ತೋರಿಸಿ.

ಅಲೈನರ್ ಇದ್ದಾಗ ನೀರು ಮಾತ್ರ. ದಿನಕ್ಕೆ 20ರಿಂದ 22 ಗಂಟೆ ಅದು ಬಾಯಲ್ಲಿರಬೇಕು, ಹಾಗಾಗಿ ನಾಲ್ಕು ಕಾಫಿಯನ್ನು ಎರಡು ಮಾಡಿ, ತಿಂಡಿ ಊಟದ ಜೊತೆಗೇ ಮುಗಿಸಿ. ಆಮೇಲೆ ಬ್ರಷ್, ಆಗದಿದ್ದರೆ ಚೆನ್ನಾಗಿ ಬಾಯಿ ಮುಕ್ಕಳಿಸಿ. ಅಲೈನರ್ ಹಿಡಿತಕ್ಕೆಂದು ಡಾಕ್ಟರು ಹಲ್ಲಿಗೆ ಅಂಟಿಸಿರುವ ಪುಟ್ಟ ಉಬ್ಬುಗಳಿದ್ದರೆ ಅವುಗಳ ಸುತ್ತ ಜಾಸ್ತಿ ಗಮನ ಕೊಡಿ. ರಾತ್ರಿ ಫ್ಲಾಸ್ (ಹಲ್ಲಿನ ಸಂದು ಶುಚಿ ಮಾಡುವ ದಾರ) ತಪ್ಪಿಸಬೇಡಿ.

ವಾಸನೆಗೆ? ತಣ್ಣೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಬಿಸಿನೀರಿಗೆ ಆಕಾರವೇ ಕೆಡುತ್ತದೆ. ಇನ್ನೊಂದು: ತೆಗೆದಾಗ ಡಬ್ಬಿಯಲ್ಲೇ ಇಡಿ. ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟರೆ ಕ್ಯಾಂಟೀನ್ ಹುಡುಗ ತಟ್ಟೆ ಜೊತೆ ಅದನ್ನೂ ಎತ್ತಿಕೊಂಡು ಹೋಗುತ್ತಾನೆ!