ಹಡಗು ಹತ್ತಿದವರು, ಹಣ ಹೂಡಿದವರು

ಮಾನ್ಯರೇ,

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುವ ತಾವು ಬರೆದ ಪತ್ರ ಕೈಸೇರಿದೆ. ಮಕ್ಕಳಿಗೆ ಓದಲು ಕೊಟ್ಟ ಪುಸ್ತಕವೊಂದರಲ್ಲಿ, ಅಮೆರಿಕದಲ್ಲಿ ಮೊದಲು ವಸಾಹತು ಹೂಡಿದ ಇಂಗ್ಲಿಷರು "ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಕಡಲು ದಾಟಿದರು" ಎಂಬ ಒಂದೇ ವಾಕ್ಯದ ವಿವರಣೆ ಇತ್ತೆಂದೂ, ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಎರಡು ಪ್ರಶ್ನೆ ಕೇಳಿದಳೆಂದೂ ತಿಳಿಸಿದ್ದೀರಿ. ಸ್ವಾತಂತ್ರ್ಯ ಬೇಕೆಂದು ಹೋದವರು ಹೋದಲ್ಲಿ ಗುಲಾಮರನ್ನು ಏಕೆ ಇಟ್ಟುಕೊಂಡರು ಎಂಬುದು ಮೊದಲನೆಯದು. ಅದೇ ಇಂಗ್ಲಿಷರು ಅದೇ ಕಾಲದಲ್ಲಿ ನಮ್ಮ ಕಡೆ ಬಂದಾಗ ಮನೆಮಠ ಮಾಡಿಕೊಂಡು ನೆಲೆಸದೆ ವ್ಯಾಪಾರಕ್ಕಷ್ಟೇ ಏಕೆ ನಿಂತರು ಎಂಬುದು ಎರಡನೆಯದು. ಪ್ರಶ್ನೆಗಳು ಪುಸ್ತಕದ ವಾಕ್ಯಕ್ಕಿಂತ ಎಷ್ಟೋ ಮೇಲಾಗಿವೆ. ಆದ್ದರಿಂದ ಉತ್ತರ ತುಸು ದೀರ್ಘವಾಗುತ್ತದೆ.

ವಸಾಹತು ಏಕೆ ಸ್ಥಾಪನೆಯಾಯಿತು ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಸ್ಥಾಪಿಸಿದವರನ್ನೂ ಅಲ್ಲಿಗೆ ಹೋದವರನ್ನೂ ಒಂದೇ ಜನವೆಂದು ಎಣಿಸಿಬಿಡುತ್ತೇವೆ. ಆದರೆ ಸ್ಥಾಪಿಸಿದವರಲ್ಲಿ ಹೆಚ್ಚಿನವರು ಹಡಗು ಹತ್ತಲಿಲ್ಲ, ಹಡಗು ಹತ್ತಿದವರಲ್ಲಿ ಹೆಚ್ಚಿನವರಿಗೆ ಸ್ಥಾಪನೆಯ ನಿರ್ಧಾರದಲ್ಲಿ ಪಾಲಿರಲಿಲ್ಲ. ಇಬ್ಬರ ಕಾರಣಗಳೂ ಬೇರೆ ಬೇರೆ. ಪುಸ್ತಕ ಹೇಳುವ ಧರ್ಮದ ಕಾರಣವು ಇವರಿಬ್ಬರೂ ಒಂದಾಗಿದ್ದ ಒಂದು ಪ್ರದೇಶಕ್ಕೆ ಬಹುಮಟ್ಟಿಗೆ ಸಲ್ಲುತ್ತದೆ. ಉಳಿದೆಡೆಗೆ ಅದನ್ನು ಹೊದಿಸಿದರೆ ಕತೆಯೇ ತಿರುವುಮುರುವಾಗುತ್ತದೆ.

16ನೇ ಶತಮಾನದ ಇಂಗ್ಲೆಂಡು ಸಾಮ್ರಾಜ್ಯವಾಗಿರಲಿಲ್ಲ. ಮೆಕ್ಸಿಕೊ ಮತ್ತು ಪೆರುವಿನ ಬೆಳ್ಳಿ ವರ್ಷವರ್ಷವೂ ಸ್ಪೇನಿನ ಬಂದರುಗಳಿಗೆ ಬಂದು ಇಳಿಯುತ್ತಿದ್ದುದನ್ನು ಅದು ಹೊಟ್ಟೆಕಿಚ್ಚಿನಿಂದಲೂ ಭಯದಿಂದಲೂ ನೋಡುತ್ತಿತ್ತು. ತನ್ನ ಮುಖ್ಯ ಸರಕಾದ ಉಣ್ಣೆ ಬಟ್ಟೆಗೆ ಆಂಟ್‌ವರ್ಪಿನ ಮಾರುಕಟ್ಟೆ ಕುಸಿದಿದ್ದರಿಂದ ಹೊಸ ಗಿರಾಕಿಗಳನ್ನು ಹುಡುಕಬೇಕಿತ್ತು. ಈ ಹೊತ್ತಿನಲ್ಲಿ, ಅಂದರೆ 1584ರಲ್ಲಿ, ರಿಚರ್ಡ್ ಹ್ಯಾಕ್ಲೂಯಿಟ್ ಎಂಬ ಪಾದ್ರಿ ಮೊದಲನೆಯ ಎಲಿಜಬೆತ್ ರಾಣಿಗೆ ಉದ್ದನೆಯ ವರದಿಯೊಂದನ್ನು ಸಲ್ಲಿಸಿದ. ಪ್ರೊಟೆಸ್ಟೆಂಟ್ ಧರ್ಮ ಹರಡಬಹುದು ಎಂಬುದು ಅದರಲ್ಲಿ ಮೊದಲಿಗೆ ಬರುತ್ತದೆ, ನಿಜ. ಆದರೆ ಅದರ ಬೆನ್ನಿಗೇ ಬರುವ ಮಾತುಗಳು ಲೆಕ್ಕಪತ್ರದವು. ದಕ್ಷಿಣ ಯೂರೋಪಿನಿಂದ ದುಬಾರಿ ಬೆಲೆ ತೆತ್ತು ತರಿಸುವ ಪದಾರ್ಥಗಳನ್ನು ಅಲ್ಲೇ ಬೆಳೆಸಬಹುದು, ಉಣ್ಣೆ ಬಟ್ಟೆ ಮಾರಬಹುದು, ಸ್ಪೇನಿನ ಹಡಗುಗಳ ದಾರಿಗೆ ಅಡ್ಡ ನಿಲ್ಲಲು ಬಂದರು ಸಿಗುತ್ತದೆ, ಊರೂರು ಅಲೆಯುವ ನಿರುದ್ಯೋಗಿಗಳಿಗೆ ಕೆಲಸವಾಗುತ್ತದೆ. ಇಷ್ಟೆಲ್ಲ ಬರೆದ ಹ್ಯಾಕ್ಲೂಯಿಟ್ ಸ್ವತಃ ಅಟ್ಲಾಂಟಿಕ್ ದಾಟಿದವನಲ್ಲ. ಮುಂದೆ ವರ್ಜೀನಿಯಾದ ವಸಾಹತು ಜೇಮ್ಸ್‌ಟೌನಿನ ಪಾದ್ರಿಯ ಹುದ್ದೆ ಅವನ ಹೆಸರಿಗೇ ಬಂದಾಗಲೂ ಅವನು ಹೊರಡಲಿಲ್ಲ.

ರಾಣಿ ಹಣ ಬಿಚ್ಚುವವಳಲ್ಲ, ಅನುಮತಿ ಕೊಡುವವಳು. ಆಕೆಯ ಸನ್ನದು ಪಡೆದ ಹಂಫ್ರಿ ಗಿಲ್ಬರ್ಟ್ 1583ರಲ್ಲಿ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಮರಳುವ ದಾರಿಯಲ್ಲಿ ಸಮುದ್ರದ ಪಾಲಾದ. ಅವನ ಮಲತಮ್ಮ ವಾಲ್ಟರ್ ರ್‍ಯಾಲಿ 1587ರಲ್ಲಿ ಈಗಿನ ಉತ್ತರ ಕೆರೊಲೈನಾದ ರೊಆನೋಕ್ ದ್ವೀಪಕ್ಕೆ ಕಳಿಸಿದ ಹೆಂಗಸರು ಮಕ್ಕಳೊಡಗೂಡಿದ ಗುಂಪು, ಸಾಮಗ್ರಿ ಹೊತ್ತ ಹಡಗು ಮೂರು ವರ್ಷದ ನಂತರ ಮುಟ್ಟುವಷ್ಟರಲ್ಲಿ ಅಲ್ಲಿರಲಿಲ್ಲ. ಈ ಇಬ್ಬರೂ ಅದಕ್ಕೆ ಮುಂಚೆ ಐರ್ಲೆಂಡಿನಲ್ಲಿ ದಂಗೆ ಅಡಗಿಸಿದ ಅಧಿಕಾರಿಗಳೆಂಬುದನ್ನು ಮಕ್ಕಳಿಗೆ ಹೇಳಬೇಕು. ಅಲ್ಲಿನವರ ಭೂಮಿ ಕಿತ್ತುಕೊಂಡು ಇಂಗ್ಲಿಷ್ ಒಕ್ಕಲುಗಳನ್ನು ನೆಡುವ ಪದ್ಧತಿಯ ಅಭ್ಯಾಸ ನಡೆದದ್ದು ಮನೆಯ ಪಕ್ಕದಲ್ಲೇ.

ಒಬ್ಬೊಬ್ಬ ಸಾಹುಕಾರನ ಕೈಯಲ್ಲಾಗದ ಕೆಲಸ ಷೇರು ಕಂಪನಿಗೆ ಬಂತು. 1606ರ ಏಪ್ರಿಲಿನಲ್ಲಿ ಮೊದಲನೆಯ ಜೇಮ್ಸ್ ದೊರೆ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ಮರುವರ್ಷದ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ ನೂರಕ್ಕೆ ತುಸು ಮೇಲ್ಪಟ್ಟ ಗಂಡಸರು ಮತ್ತು ಹುಡುಗರು ಜೇಮ್ಸ್‌ಟೌನ್ ಕೋಟೆ ಹೂಡಿದರು. ಒಬ್ಬ ಹೆಂಗಸೂ ಇರಲಿಲ್ಲ. ಲಂಡನ್ನಿನ ಆಜ್ಞೆಯಲ್ಲಿದ್ದದ್ದು ಚಿನ್ನ ಹುಡುಕುವುದು ಮತ್ತು ಪೆಸಿಫಿಕ್ ಸಾಗರಕ್ಕೆ ಜಲಮಾರ್ಗ ಹುಡುಕುವುದು. 1608ರ ಆರಂಭದಲ್ಲಿ ಬಂದ ಮೊದಲ ಸಹಾಯ ಹಡಗಿನ ಪಟ್ಟಿಯನ್ನು ನೋಡಿದರೆ ನಗಬೇಕೋ ಮರುಗಬೇಕೋ ತಿಳಿಯದು: ಇಬ್ಬರು ಅಕ್ಕಸಾಲಿಗರು, ಲೋಹ ಶುದ್ಧಿ ಮಾಡುವ ಇಬ್ಬರು, ಒಬ್ಬ ರತ್ನದ ಕೆಲಸದವನು, ಆರು ಮಂದಿ ದರ್ಜಿಗಳು, ಸುಗಂಧ ದ್ರವ್ಯ ತಯಾರಿಸುವವನೊಬ್ಬ. ಮೊದಲ ಗುಂಪಿನಲ್ಲೂ ಅರ್ಧದಷ್ಟು ಜನ ಮೈಮುರಿದು ದುಡಿದು ಅಭ್ಯಾಸವಿಲ್ಲದ ಕುಲೀನರು. ಚಿನ್ನವೆಂದು ತುಂಬಿಸಿ ಕಳಿಸಿದ ಮಣ್ಣು ಲಂಡನ್ನಿನಲ್ಲಿ ಮಣ್ಣೇ ಆಯಿತು. ಕೋಟೆ ಕಟ್ಟಿದ ಜಾಗ ಜೌಗು ನೆಲ. ಬೇಸಿಗೆಯಲ್ಲಿ ನದಿಯ ನೀರು ಸವುಳಾಗುತ್ತಿತ್ತು, ಅದನ್ನೇ ಕುಡಿದು ಆಮಶಂಕೆಯಿಂದಲೂ ವಿಷಮಶೀತ ಜ್ವರದಿಂದಲೂ ಸತ್ತರು. 1609-10ರ ಚಳಿಗಾಲದ ಬರಗಾಲದಲ್ಲಿ ಉಳಿದವರು ಸುಮಾರು 60 ಮಂದಿ. ಹಸಿದವರು ಸತ್ತವರ ಮಾಂಸ ತಿಂದರೆಂಬುದಕ್ಕೆ 2012ರಲ್ಲಿ ಅಲ್ಲಿನ ಉತ್ಖನನದಲ್ಲಿ ದೊರೆತ, ಸುಮಾರು 14 ವರ್ಷದ ಹುಡುಗಿಯೊಬ್ಬಳ ತಲೆಬುರುಡೆಯ ಮೇಲಿನ ಕಚ್ಚುಗಳು ಸಾಕ್ಷಿ ನುಡಿದಿವೆ.

ಹೀಗಿದ್ದೂ ಕಂಪನಿ ಜನರನ್ನು ಕಳಿಸುತ್ತಲೇ ಇತ್ತು. ಒಂದು ಷೇರಿಗೆ 12 ಪೌಂಡು 10 ಷಿಲಿಂಗಿನಂತೆ ಸಂಗ್ರಹಿಸಿದ ಬಂಡವಾಳ ಕರಗಿದಾಗ 1612ರಿಂದ ಲಾಟರಿ ನಡೆಸಿ ಹಣ ಎತ್ತಿತು. ಗಾಜು, ರೇಷ್ಮೆ, ಕಬ್ಬಿಣ, ದ್ರಾಕ್ಷಾರಸ ಎಲ್ಲವನ್ನೂ ಪ್ರಯತ್ನಿಸಿ ಕೈಸುಟ್ಟುಕೊಂಡಿತು. ಕೊನೆಗೆ ಕೈಹಿಡಿದದ್ದು ಹೊಗೆಸೊಪ್ಪು. ಜಾನ್ ರಾಲ್ಫ್ ಎಂಬವನು 1612ರ ಸುಮಾರಿಗೆ ಸ್ಪ್ಯಾನಿಷರ ನೆಲದ ಬೀಜ ತಂದು ಬೆಳೆದ ಎಲೆ 1617ರಲ್ಲಿ ಸುಮಾರು 20,000 ಪೌಂಡು ತೂಕದಷ್ಟು ಇಂಗ್ಲೆಂಡಿಗೆ ಹೋಯಿತು. (ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರ ಬಾಯಲ್ಲಿ ಇವತ್ತಿಗೂ ಹೊಗೆಸೊಪ್ಪಿಗೆ "ವರ್ಜೀನಿಯಾ" ಎಂಬ ಹೆಸರು ಉಳಿದಿರುವುದನ್ನು ತಮ್ಮ ವಿದ್ಯಾರ್ಥಿಗಳು ಕೇಳಿರಬಹುದು.) ಧೂಮಪಾನವನ್ನು ಹಳಿದು 1604ರಲ್ಲಿ ತಾನೇ ಹೊತ್ತಿಗೆ ಬರೆದಿದ್ದ ಜೇಮ್ಸ್ ದೊರೆ ಅದರ ಸುಂಕವನ್ನು ಮಾತ್ರ ಬೇಡವೆನ್ನಲಿಲ್ಲ. ವಸಾಹತು ಹುಟ್ಟಿದ್ದು ಒಂದು ಕಾರಣಕ್ಕೆ, ಉಳಿದದ್ದು ಯಾರೂ ಮೊದಲು ಯೋಚಿಸಿರದ ಇನ್ನೊಂದು ಕಾರಣಕ್ಕೆ.

ಹೊಗೆಸೊಪ್ಪಿಗೆ ಕೈಗಳು ಬೇಕು. ಹಡಗು ಹತ್ತಿದವರ ಕಾರಣಗಳು ಇಲ್ಲಿಂದ ಶುರುವಾಗುತ್ತವೆ. 1550ರಲ್ಲಿ ಸುಮಾರು 30 ಲಕ್ಷವಿದ್ದ ಇಂಗ್ಲೆಂಡಿನ ಜನಸಂಖ್ಯೆ ನೂರು ವರ್ಷದಲ್ಲಿ 50 ಲಕ್ಷ ದಾಟಿತು. ಧಾನ್ಯದ ಬೆಲೆ ಏರಿದಷ್ಟು ಕೂಲಿ ಏರಲಿಲ್ಲ. ಊರ ಗೋಮಾಳಗಳಿಗೆ ಬೇಲಿ ಬಿದ್ದು ಅಲ್ಲಿ ಜಮೀನ್ದಾರರ ಕುರಿ ಮೇಯತೊಡಗಿದಾಗ ಬಡ ಒಕ್ಕಲುಗಳು ಊರು ಬಿಟ್ಟರು. ಅಲೆಮಾರಿಗಳನ್ನು ಹಿಡಿದು ಚಾಟಿಯಲ್ಲಿ ಹೊಡೆಯುವ ಕಾನೂನಿದ್ದ ಕಾಲವದು. ಹಡಗಿನ ದರ ಐದಾರು ಪೌಂಡು, ಅಂದರೆ ಕೃಷಿ ಕೂಲಿಕಾರನೊಬ್ಬನ ಹಲವು ತಿಂಗಳ ಸಂಪಾದನೆ. ಅಷ್ಟು ಇಲ್ಲದವನು ತನ್ನ ದುಡಿಮೆಯನ್ನು ಮುಂಗಡವಾಗಿ ಮಾರುತ್ತಿದ್ದ.

ಆ ಕರಾರಿನ ಕಾಗದ ಹೇಗಿತ್ತೆಂದರೆ, ಒಂದೇ ಹಾಳೆಯಲ್ಲಿ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ, ಒಂದು ತುಂಡನ್ನು ಧಣಿಯೂ ಇನ್ನೊಂದನ್ನು ಆಳೂ ಇಟ್ಟುಕೊಳ್ಳುತ್ತಿದ್ದರು. ತಕರಾರು ಬಂದಾಗ ಎರಡು ಅಂಚುಗಳು ಕೂಡಿದರೆ ಪತ್ರ ಅಸಲಿ. ನಾಲ್ಕರಿಂದ ಏಳು ವರ್ಷ ದುಡಿಮೆ, ಅನ್ನ, ಬಟ್ಟೆ, ಇರಲು ಜಾಗ. ಕೂಲಿಯಿಲ್ಲ, ಧಣಿಯ ಅಪ್ಪಣೆಯಿಲ್ಲದೆ ಮದುವೆಯಿಲ್ಲ, ಅವಧಿಗೆ ಮುಂಚೆ ಆಳನ್ನು ಬೇರೊಬ್ಬನಿಗೆ ಮಾರಲೂ ಬಹುದು. 1618ರ ನಿಯಮದ ಪ್ರಕಾರ ಒಬ್ಬನ ಹಡಗು ದರ ಭರಿಸಿದವನಿಗೆ ತಲೆಗೆ 50 ಎಕರೆ ಭೂಮಿ. ಬಂದವನು ಕೂಲಿಯಿಲ್ಲದ ಆಳು, ತರಿಸಿದವನು ಭೂಮಾಲೀಕ. 17ನೇ ಶತಮಾನದಲ್ಲಿ ವರ್ಜೀನಿಯಾ ಮತ್ತು ಮೇರಿಲ್ಯಾಂಡಿಗೆ ಹೋದ ಇಂಗ್ಲಿಷರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಇಂಥ ಕರಾರಿನ ಆಳುಗಳೇ. ಅವರಲ್ಲೂ ಎಲ್ಲರೂ ಒಪ್ಪಿ ಹೋದವರಲ್ಲ: 1619ರ ಹೊತ್ತಿಗೆ ಲಂಡನ್ನಿನ ಬೀದಿಗಳಿಂದ ನೂರು ಬಡ ಮಕ್ಕಳನ್ನು ನಗರಾಡಳಿತದ ಖರ್ಚಿನಲ್ಲಿ ವರ್ಜೀನಿಯಾಕ್ಕೆ ಸಾಗಿಸಲಾಗಿತ್ತು, ಮರುವರ್ಷದ ತಂಡದಲ್ಲಿ ಹೋಗಲೊಲ್ಲದವರನ್ನು ಬಲವಂತದಿಂದ ಕಳಿಸಲು ರಾಜನ ಆಪ್ತ ಮಂಡಳಿಯೇ ಅಧಿಕಾರ ಕೊಟ್ಟಿತು. ಈ ಮಕ್ಕಳು "ಏಕೆ ಹೋದರು" ಎಂದು ಕೇಳುವುದಾದರೂ ಹೇಗೆ? ಕಂಪನಿಯ ಕಾಲದಲ್ಲಿ ಆರೇಳು ಸಾವಿರ ಜನ ವರ್ಜೀನಿಯಾಕ್ಕೆ ಹೋಗಿದ್ದರೂ 1625ರ ಎಣಿಕೆಗೆ ಸಿಕ್ಕವರು ಸುಮಾರು 1,200 ಮಂದಿ. ರೋಗ, ಹಸಿವು ಮತ್ತು 1622ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೊವ್ಹಾಟನ್ ಜನರು ನಡೆಸಿದ ದಾಳಿ ಉಳಿದವರಲ್ಲಿ ಹೆಚ್ಚಿನವರನ್ನು ನುಂಗಿದ್ದವು. ಆ ದಾಳಿಯನ್ನು ಅಕಾರಣ ಕ್ರೌರ್ಯವೆಂದು ಬರೆಯುವ ಪುಸ್ತಕಗಳು ಇನ್ನೂ ಇವೆ; ಹೊಗೆಸೊಪ್ಪಿನ ಹೊಲಗಳು ಆ ಜನರ ನದೀತೀರದ ಮೆಕ್ಕೆಜೋಳದ ಹೊಲಗಳನ್ನು ತಿನ್ನುತ್ತ ಬಂದಿದ್ದವೆಂದು ಮಾತ್ರ ಅವು ಹೇಳುವುದಿಲ್ಲ.

ತಮ್ಮ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. 1619ರ ಆಗಸ್ಟಿನಲ್ಲಿ ಇಪ್ಪತ್ತಕ್ಕೆ ತುಸು ಮೇಲ್ಪಟ್ಟ ಆಫ್ರಿಕನ್ನರನ್ನು ಹಡಗೊಂದು ವರ್ಜೀನಿಯಾಕ್ಕೆ ತಂದು ಮಾರಿತು. ಆದರೆ ಮುಂದಿನ ನಾಲ್ಕೈದು ದಶಕ ಅಲ್ಲಿನ ಹೊಲಗಳಲ್ಲಿ ಬಹುಪಾಲು ದುಡಿದದ್ದು ಕರಾರಿನ ಇಂಗ್ಲಿಷ್ ಆಳುಗಳು. 1660ರ ನಂತರ ಇಂಗ್ಲೆಂಡಿನಲ್ಲಿ ಜನಸಂಖ್ಯೆಯ ಏರಿಕೆ ನಿಂತು ಕೂಲಿ ಚೇತರಿಸಿಕೊಂಡಾಗ ಹಡಗು ಹತ್ತುವ ಬಡವರು ಕಡಿಮೆಯಾದರು. ಅವರ ಜಾಗಕ್ಕೆ ಜೀವಮಾನವಿಡೀ ದುಡಿಸಬಹುದಾದ ಆಫ್ರಿಕನ್ನರನ್ನು ತರಿಸಿಕೊಂಡರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬ ವರ್ಜೀನಿಯಾದ ಕಾನೂನು 1662ರದು. ಇದು ಸ್ವಾತಂತ್ರ್ಯ ಬಯಸಿದವರು ಮಾತಿಗೆ ತಪ್ಪಿದ ಕತೆಯಲ್ಲ. ಅಂಥ ಮಾತನ್ನು ಅಲ್ಲಿನ ಹೂಡಿಕೆದಾರರು ಕೊಟ್ಟೇ ಇರಲಿಲ್ಲ.

ಇನ್ನು ಧರ್ಮ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ಪ್ಲಿಮತ್ತಿಗೆ ಹೋದ 102 ಮಂದಿಯ ಕತೆ ಎಲ್ಲರಿಗೂ ಪರಿಚಿತ. ಆದರೆ ಅವರಲ್ಲಿ ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾದ ಭಕ್ತರು ಅರ್ಧದಷ್ಟೂ ಇರಲಿಲ್ಲ, ಮತ್ತು ಆ ಭಕ್ತರಿಗೆ ತಮ್ಮ ಇಷ್ಟದಂತೆ ಪ್ರಾರ್ಥಿಸುವ ಸ್ವಾತಂತ್ರ್ಯ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಹತ್ತು ಹನ್ನೊಂದು ವರ್ಷಗಳಿಂದ ಇತ್ತು. ಅದನ್ನು ಬಿಟ್ಟು ಹೊರಟ ಕಾರಣಗಳನ್ನು ಅವರ ಮುಖಂಡ ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿಟ್ಟಿದ್ದಾನೆ: ಜವಳಿ ಕೆಲಸದ ದುಡಿಮೆ ಮೈ ಮುರಿಯುತ್ತಿತ್ತು, ಮಕ್ಕಳು ದಾರಿತಪ್ಪಿ ಹೆತ್ತವರ ಕೈಮೀರುತ್ತಿದ್ದರು, ಕ್ರೈಸ್ತ ಧರ್ಮವನ್ನು ದೂರದ ನೆಲಕ್ಕೆ ಒಯ್ಯುವ ಆಸೆಯಿತ್ತು. ಪ್ರಯಾಣದ ಖರ್ಚು ಕೊಟ್ಟದ್ದು ಲಂಡನ್ ವರ್ತಕರು. ಏಳು ವರ್ಷ ಗಳಿಸಿದ್ದೆಲ್ಲ ಒಟ್ಟು ಗಂಟಾಗಿದ್ದು ಕೊನೆಗೆ ವರ್ತಕರೊಡನೆ ಪಾಲಾಗಬೇಕೆಂಬುದು ಷರತ್ತು; ವಾರಕ್ಕೆ ಎರಡು ದಿನ ನಮ್ಮ ಸ್ವಂತ ಕೆಲಸಕ್ಕೆ ಬಿಡಿ, ಮನೆಯನ್ನೂ ಹಿತ್ತಲನ್ನೂ ಪಾಲಿನಿಂದ ಹೊರಗಿಡಿ ಎಂದು ಇವರು ಕೇಳಿಕೊಂಡರೆ ವರ್ತಕರು ಒಪ್ಪಲಿಲ್ಲ. ಭಕ್ತರು ಆ ಸಾಲವನ್ನು ಬೀವರ್ ತುಪ್ಪಳ ಮಾರಿ ತೀರಿಸಲು ದಶಕಗಳೇ ಹಿಡಿದವು.

ಧರ್ಮವೇ ಮೊದಲ ಕಾರಣವಾಗಿದ್ದ ಪ್ರದೇಶ ಇದರ ಮಗ್ಗುಲಿನ ಮ್ಯಾಸಚೂಸೆಟ್ಸ್. 1629ರಲ್ಲಿ ಮೊದಲನೆಯ ಚಾರ್ಲ್ಸ್ ಸಂಸತ್ತನ್ನು ವಿಸರ್ಜಿಸಿದ. ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆನ್ನುತ್ತಿದ್ದ ಪ್ಯೂರಿಟನ್ ಪ್ರೊಟೆಸ್ಟೆಂಟರ ಮೇಲೆ ಚರ್ಚಿನಲ್ಲಿ ಒತ್ತಡ ಹೆಚ್ಚಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಬೇ ಕಂಪನಿಯ ಪಾಲುದಾರರು ಬಹಳ ಜಾಣತನದ ಕೆಲಸ ಮಾಡಿದರು. ಕಂಪನಿಯ ಸಭೆ ಲಂಡನ್ನಿನಲ್ಲೇ ನಡೆಯಬೇಕೆಂಬ ಮಾತು ತಮ್ಮ ಸನ್ನದಿನಲ್ಲಿ ಇಲ್ಲದ್ದನ್ನು ಬಳಸಿಕೊಂಡು, ಆಡಳಿತವನ್ನೂ ಸನ್ನದನ್ನೂ ತಮ್ಮೊಂದಿಗೆ ಕಡಲಾಚೆ ಒಯ್ಯಲು ಕೇಂಬ್ರಿಡ್ಜಿನಲ್ಲಿ ಒಪ್ಪಂದ ಮಾಡಿಕೊಂಡರು. ಹಣ ಹೂಡಿದವರೇ ಇಲ್ಲಿ ಹಡಗು ಹತ್ತಿದರು. 1630ರಲ್ಲಿ ಜಾನ್ ವಿಂತ್ರಾಪ್‌ನ ಮುಂದಾಳತ್ವದಲ್ಲಿ 11 ಹಡಗುಗಳು ಹೊರಟವು. ಹತ್ತು ವರ್ಷದಲ್ಲಿ ಸುಮಾರು 20,000 ಜನ, ಬಹುಪಾಲು ಹೆಂಡತಿ ಮಕ್ಕಳೊಂದಿಗೆ, ನ್ಯೂ ಇಂಗ್ಲೆಂಡಿಗೆ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, ಬಂದರು. 1640ರಲ್ಲಿ ಸಂಸತ್ತು ಮತ್ತೆ ಕೂಡಿ, ಚರ್ಚಿನ ಸುಧಾರಣೆ ಇಂಗ್ಲೆಂಡಿನಲ್ಲೇ ಆಗಬಹುದೆಂಬ ಆಸೆ ಹುಟ್ಟಿದ ಕೂಡಲೇ ವಲಸೆ ಬತ್ತಿತು, ಕೆಲವರು ಮರಳಿಯೂ ಹೋದರು. ಧರ್ಮವೇ ಕಾರಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ಆದರೆ ಇವರು ಬಯಸಿದ್ದು ತಮ್ಮ ಧರ್ಮವನ್ನು ಆಚರಿಸುವ ಅಧಿಕಾರವನ್ನೇ ಹೊರತು ಎಲ್ಲರ ಧರ್ಮಕ್ಕೂ ಅವಕಾಶವನ್ನಲ್ಲ. ಭಿನ್ನವಾಗಿ ಮಾತಾಡಿದ ರೋಜರ್ ವಿಲಿಯಮ್ಸ್‌ನನ್ನು ಗಡೀಪಾರು ಮಾಡಿದರು. ಕ್ವೇಕರ್ ಪಂಥದ ಮೇರಿ ಡಯರ್‌ಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಬಾಸ್ಟನ್ನಿನ ಹೆಸರು ಇಷ್ಟು ದೊಡ್ಡದಾದರೂ ಆ ಶತಮಾನದಲ್ಲಿ ಅಟ್ಲಾಂಟಿಕ್ ದಾಟಿದ ಇಂಗ್ಲಿಷರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋದದ್ದು ಬಾರ್ಬಡೋಸ್ ಮೊದಲಾದ ವೆಸ್ಟ್ ಇಂಡೀಸ್ ದ್ವೀಪಗಳಿಗೆ, ಹೊಗೆಸೊಪ್ಪಿಗೂ ಆಮೇಲೆ ಸಕ್ಕರೆಗೂ ದುಡಿಯಲು.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಥಾಮಸ್ ಸ್ಮಿತ್ ಎಂಬ ಲಂಡನ್ ವರ್ತಕನ ಹೆಸರು ಸಾಕು. 1600ರ ಡಿಸೆಂಬರ್ 31ರಂದು ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಅವನೇ, ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಅದನ್ನು ನಡೆಸಿದವನೂ ಅವನೇ. ಉದ್ದೇಶ ಎರಡೂ ಕಡೆ ಲಾಭ. ವ್ಯತ್ಯಾಸವಿದ್ದದ್ದು ಎದುರಿಗಿದ್ದ ನೆಲದಲ್ಲಿ. ಇಲ್ಲಿ ಕಾಳುಮೆಣಸನ್ನು ಬೆಳೆಯುವ ರೈತರು, ಬಟ್ಟೆ ನೇಯುವ ನೇಕಾರರು, ಸಾಲ ಕೊಡುವ ಸಾಹುಕಾರರು, ಸುಂಕ ವಸೂಲಿ ಮಾಡುವ ಬಲಿಷ್ಠ ರಾಜರು ಎಲ್ಲರೂ ಮೊದಲೇ ಇದ್ದರು. ಬೇಕಾದದ್ದು ಕೊಳ್ಳಲು ಬೆಳ್ಳಿ ಮತ್ತು ಸರಕಿಡಲು ಒಂದು ಕೋಠಿ. ಅಲ್ಲಿ ಯೂರೋಪಿನ ಮಾರುಕಟ್ಟೆಗೆ ಸಿದ್ಧವಾಗಿ ಸಿಗುತ್ತಿದ್ದ ಸರಕು ತುಪ್ಪಳ ಮತ್ತು ಕಡಲಿನ ಮೀನು ಬಿಟ್ಟರೆ ಹೆಚ್ಚೇನಿರಲಿಲ್ಲ. ಉಳಿದದ್ದನ್ನು ಬೆಳೆಯಬೇಕಿತ್ತು, ಬೆಳೆಯಲು ಭೂಮಿಯನ್ನು ಕಿತ್ತುಕೊಂಡು ಜನರನ್ನು ತರಿಸಬೇಕಿತ್ತು. ಆ ಭೂಮಿಯ ಮೂಲ ಜನರನ್ನು ಯೂರೋಪಿನಿಂದ ಬಂದ ರೋಗಗಳು ಆಗಲೇ ದುರ್ಬಲಗೊಳಿಸಿದ್ದವು: ಪ್ಲಿಮತ್ ಕಟ್ಟಿದ್ದೇ 1616-19ರ ಸಾಂಕ್ರಾಮಿಕದಲ್ಲಿ ನಿರ್ಜನವಾದ ಪಟುಕ್ಸೆಟ್ ಎಂಬ ಹಳ್ಳಿಯ ಜಾಗದಲ್ಲಿ.

ವರ್ಜೀನಿಯಾ ಕಂಪನಿಯ ಮಂಡಳಿಯಲ್ಲೂ ಇದ್ದ ಥಾಮಸ್ ರೋ 1615ರಿಂದ ಜಹಾಂಗೀರನ ಆಸ್ಥಾನದಲ್ಲಿ ರಾಯಭಾರಿಯಾಗಿದ್ದಾಗ, ಈ ದೇಶದಲ್ಲಿ ಕೋಟೆ ಮತ್ತು ಸೈನ್ಯಕ್ಕೆ ಹಣ ಸುರಿಯಬೇಡಿ, ಸಮುದ್ರದಲ್ಲೂ ಶಾಂತ ವ್ಯಾಪಾರದಲ್ಲೂ ಲಾಭ ಹುಡುಕಿ ಎಂದು ತನ್ನ ಯಜಮಾನರಿಗೆ ಬರೆದ. 1638ರಲ್ಲಿ, ಅಂದರೆ ಮ್ಯಾಸಚೂಸೆಟ್ಸಿಗೆ ಸಂಸಾರಗಳು ಹಡಗು ತುಂಬಿ ಹೋಗುತ್ತಿದ್ದ ದಶಕದಲ್ಲೇ, ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ನಿಂತ ಕೋರ್ಟೀನ್ ಕೂಟದ ಇಂಗ್ಲಿಷರು ನಮ್ಮ ಕಾರವಾರದಲ್ಲಿ ಕೋಠಿ ತೆರೆದರು. ಅವರು ಸಂಸಾರ ಕಟ್ಟಿಕೊಂಡು ಬರಲಿಲ್ಲ, ನೇಗಿಲು ತರಲಿಲ್ಲ. ಘಟ್ಟದ ಮೆಣಸನ್ನು ಬೆಳೆಯುವವರು ಅಲ್ಲಿ ಆಗಲೇ ಇದ್ದರು. ಕೊಂಡು ತುಂಬಿಕೊಂಡು ಹೋಗುವುದಷ್ಟೇ ಅವರಿಗೆ ಉಳಿದಿದ್ದ ಕೆಲಸ.

— ಸಂಪಾದಕ